ಇಂಗಿನ ಡಬ್ಬಿ

ಐಸೆಲಿನ್ ಊರಿನ ಇಂಡಿಯನ್ ಅಂಗಡಿಯಲ್ಲಿ ಇಂಗಿನ ವಾಸನೆ ಬಡಿದರೆ ಸಾಕು, ಈಗಲೂ ನನ್ನ ಕೈ ಡಬ್ಬಿ ತಿರುಗಿಸಿ ಸಣ್ಣಕ್ಷರ ಹುಡುಕುತ್ತದೆ.

ಅಪ್ಪ ಯಹೂದಿ, ಅಮ್ಮ ಮೈಸೂರಿನವಳು. ಮ್ಯಾನ್‌ಹ್ಯಾಟನ್ನಿನ ಬ್ಯಾಂಕು ಮುಳುಗಿ ಅಪ್ಪನ ಕೆಲಸ ಹೋಗಿತ್ತು. ಚಳಿಗಾಲವೆಲ್ಲ ಸೋಫಾದಲ್ಲಿ ಗೋಡೆ ನೋಡುತ್ತ ಮಲಗಿದ್ದವರು, ಪಾಸೋವರ್ ಹಬ್ಬದ ಊಟಕ್ಕೆ ತಮ್ಮ ತಾಯಿ ಮೊದಲ ಸಲ ನಮ್ಮನೆಗೆ ಬರುತ್ತಾರೆಂದು ತಿಳಿದಾಗ ಎದ್ದರು. ಆ ಹಬ್ಬಕ್ಕೆಂದೇ ಮಾಡಿದ ತೆಳ್ಳನೆಯ ರೊಟ್ಟಿ ಬಿಟ್ಟರೆ ಮನೆಯಲ್ಲಿ ಗೋಧಿಯ ಕಣವೂ ಇರಬಾರದು. ನಾಲ್ಕು ದಿನ ಮಂಡಿಯೂರಿ ಕಪಾಟು, ಟೋಸ್ಟರು, ಸೋಫಾದ ಸಂದುಗೊಂದುಗಳನ್ನೆಲ್ಲ ತಿಕ್ಕಿದರು. ಡಬ್ಬಿಗಳ ಮೇಲಿನ ಬರಹ ಓದುವ ಕೆಲಸ ನನಗೆ ಕೊಟ್ಟಿದ್ದರು.

ಹಬ್ಬದ ದಿನ ಮಧ್ಯಾಹ್ನ ಅಮ್ಮ ಆಲೂಗಡ್ಡೆ ಪಲ್ಯಕ್ಕೆ ಒಗ್ಗರಣೆ ಹಾಕಿದಳು. ಅವಳ ಕೈಯಲ್ಲಿದ್ದ ಡಬ್ಬಿಯೊಂದನ್ನು ಮಾತ್ರ ನಾನು ಓದಿರಲಿಲ್ಲ. ಕಿತ್ತುಕೊಂಡು ಓದಿದೆ. ಇಂಗಿಗೆ ಗೋಧಿಹಿಟ್ಟು ಬೆರೆಸಿದೆಯೆಂದು ಸಣ್ಣಕ್ಷರದಲ್ಲಿತ್ತು. ಗೆದ್ದವರಂತೆ ಕೂಗಿದೆ: "ಡ್ಯಾಡಿ, ಐ ಫೌಂಡ್ ವೀಟ್!"

"ಚಿಟಿಕೆ ಇಂಗಷ್ಟೇ ಚಿನ್ನ, ಸುಮ್ನಿರು," ಎಂದು ಅಮ್ಮ ಪಿಸುಗುಟ್ಟಿದಳು.

ಅಪ್ಪ ಡಬ್ಬಿಯನ್ನು ಎರಡು ಸಲ ಓದಿದರು. ತಿಕ್ಕಿ ತಿಕ್ಕಿ ಅವರ ಬೆರಳ ಚರ್ಮ ಸುಲಿದಿತ್ತು. ಇದೂ ನನ್ನ ಕೈಲಾಗಲಿಲ್ಲ ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿ, ಒದ್ದೆ ನೆಲದ ಮೇಲೇ ಕೂತುಬಿಟ್ಟರು. ಅಮ್ಮ ಪಲ್ಯವನ್ನೆಲ್ಲ ಕಸದ ಬುಟ್ಟಿಗೆ ಸುರಿದಳು. ಅಡುಗೆಮನೆ ತುಂಬ ಇಂಗಿನ ಘಮ.

ಬೆಲ್ ಆಯಿತು. ಬಾಗಿಲ ಗಾಜಿನಾಚೆ ಅಜ್ಜಿಯ ನೀಲಿ ಟೋಪಿ ಕಾಣಿಸಿತು.

"ಡ್ಯಾಡಿ, ಗ್ರ್ಯಾಂಡ್‌ಮಾ ಈಸ್ ಹಿಯರ್," ಎಂದೆ.

ಮತ್ತೆ ಬೆಲ್ ಆಯಿತು. ಅಪ್ಪ ನನ್ನತ್ತ ನೋಡಿ, ತೆರೆಯಬೇಡ ಎಂಬಂತೆ ತಲೆಯಲ್ಲಾಡಿಸಿದರು.