ಮುಚ್ಚಳಕ್ಕೆ ಎರಡು ಕೈ ಬಣ್ಣ

"ಆ ನಟ್ಟು ಯಾಕೆ ಜೇಬಿಗೆ ಆಕೊಂಡ್ರಿ?"

ಗುರುಪಾದಸ್ವಾಮಿಯ ದನಿಯಲ್ಲಿ ಅಳಿಯನ ಸಲಿಗೆ ಇರಲಿಲ್ಲ. ಮಾವ ಶಿವನಂಜಯ್ಯ ಕಾರಿನ ಬಾನೆಟ್ಟಿನೊಳಗಿಂದ ತಲೆ ಎತ್ತಲಿಲ್ಲ.

"ನೆಲಕ್ ಇಟ್ರೆ ಮಣ್ಣು ಅಂಟ್ಕತದೆ, ಅಳಿಯಂದ್ರೇ."

ಎರಡನೆಯ ನಟ್ಟೂ ಅಂಗಿಯ ಜೇಬು ಸೇರಿತು. ಎಂಜಿನ್ನಿನ ತಲೆಯ ಮೇಲಿನ ತಗಡಿನ ಮುಚ್ಚಳವನ್ನು ಮಾವ ಎರಡೂ ಕೈಯಿಂದ ಎತ್ತಿ ಕೆಳಗಿಟ್ಟರು. ಒಳಗಿನ ಸ್ಪ್ರಿಂಗುಗಳು ಎಣ್ಣೆ ಮೆತ್ತಿಕೊಂಡು ಬಿಸಿಲಿಗೆ ಹೊಳೆದವು. ಇನ್ನು ಸಂಜೆಯವರೆಗೆ ಅಂಬಾಸಿಡರ್ ಕದಲುವಂತಿರಲಿಲ್ಲ.

ಅದು ಅರವತ್ತೇಳರ ಬೇಸಿಗೆ. ಹೆಂಡತಿಯನ್ನು ಕರೆದೊಯ್ಯಲು ಗುರುಪಾದಸ್ವಾಮಿ ಬೆಳಿಗ್ಗೆಯೇ ಯಳಂದೂರಿನಿಂದ ಹನೂರಿಗೆ ಬಂದಿದ್ದ. ಕಾರು ಅಂಗಳದಲ್ಲಿ ನಿಂತಾಗ ಸುಟ್ಟ ಎಣ್ಣೆಯ ವಾಸನೆ ಹೊಡೆಯಿತು. ಹಿಟ್ಟಿನ ಗಿರಣಿ ನಡೆಸುವ ಶಿವನಂಜಯ್ಯನವರಿಗೆ ಎಂಜಿನ್ ಹೊಸದಲ್ಲ. ಬಾನೆಟ್ ಎತ್ತಿ ನೋಡಿ ಅವರೇ ಹೇಳಿದ್ದರು: "ಮುಚ್ಚಳದ ಪ್ಯಾಕಿಂಗ್ ಓಗ್ಬುಟ್ಟದೆ. ಬಣ್ಣಾನೂ ಎದ್ದೋಗ್ಬುಟ್ಟದೆ. ಎಂಗೂ ಬಿಚ್ಬೇಕು, ಎರಡು ಕೈ ಬಣ್ಣ ಒಡ್ದೇ ಕೊಡ್ತೀನಿ."

ಬೇಡ ಎನ್ನಲು ಅವನಿಗೆ ಕಾರಣ ಸಿಗಲಿಲ್ಲ. ಈಗ ಸಿಕ್ಕುತ್ತಿತ್ತು.

ಅವನ ಹೆಂಡತಿ ಶಿವರತ್ನ ಮುರಿದ ಕೈಗೆ ಬಿದಿರ ದಬ್ಬೆ ಕಟ್ಟಿಸಿಕೊಂಡು ತವರಿಗೆ ಬಂದಿದ್ದಳು. ಬಚ್ಚಲಲ್ಲಿ ಜಾರಿದಳು ಎಂದು ಗುರುಪಾದಸ್ವಾಮಿ ಹೇಳಿದ್ದ. ಅವನ ಮೊದಲ ಹೆಂಡತಿ ಬಾವಿಗೆ ಬಿದ್ದು ಸತ್ತಾಗಲೂ ಅವನು ಜಾರಿದಳು ಎಂದೇ ಹೇಳಿದ್ದ. ಎರಡೂ ಕಡೆಯ ಹಿರಿಯರು ಕೂತು, ಗಂಡ ಬಂದು ಕರೆದರೆ ಕಳಿಸತಕ್ಕದ್ದು ಎಂದು ತೀರ್ಮಾನ ಮಾಡಿದರು. ಶಿವನಂಜಯ್ಯ ಕೂಗಾಡಲಿಲ್ಲ, ಅಳಲಿಲ್ಲ. "ಆಗ್ಲಿ" ಎಂದಷ್ಟೇ ಹೇಳಿ ಎದ್ದುಹೋದರು.

ಆ "ಆಗ್ಲಿ" ಅಂದಿನಿಂದಲೂ ಅಳಿಯನ ಎದೆಯಲ್ಲಿ ಮುಳ್ಳಿನಂತೆ ಚುಚ್ಚುತ್ತಿತ್ತು.

ಅವನು ಕುರ್ಚಿಯನ್ನು ಕಾರಿನ ಪಕ್ಕಕ್ಕೇ ಎಳೆದುಕೊಂಡ. ತೆರೆದ ಎಂಜಿನ್ ಕೆಡಿಸಲು ಒಂದು ಹಿಡಿ ಮರಳು ಸಾಕು. ಬ್ರೇಕಿನ ಎಣ್ಣೆಯ ಡಬ್ಬಿಯೂ ಅದೇ ಬಾನೆಟ್ಟಿನ ಕೆಳಗಿದೆ. ಮಾವನ ಬೆರಳುಗಳ ಮೇಲಿಂದ ಅವನು ಕಣ್ಣು ಕೀಳಲಿಲ್ಲ.

ಶಿವನಂಜಯ್ಯ ಅವಸರ ಮಾಡಲಿಲ್ಲ. ಮುಚ್ಚಳವನ್ನು ಸೀಮೆಎಣ್ಣೆಯಲ್ಲಿ ನೆನೆಸಿದರು. ಹಳೆಯ ಬಣ್ಣವನ್ನು ಬ್ಲೇಡಿನಲ್ಲಿ ಕೆರೆದರು. ಉಪ್ಪುಕಾಗದದಿಂದ ಉಜ್ಜಿದರು, ಸೋಪು ಹಾಕಿ ತೊಳೆದರು, ಕಲ್ಲುಚಪ್ಪಡಿಯ ಮೇಲೆ ಒಣಗಲಿಟ್ಟರು. ಆಮೇಲೆ ಎಂಜಿನ್ ಒರೆಸುವ ನೆಪದಲ್ಲಿ ಮತ್ತೆ ಬಾನೆಟ್ಟಿನೊಳಗೆ ಬಗ್ಗಿದರು.

ಬೆಟ್ಟದ ಕಡೆಯಿಂದ ಬಂದ ಬಸ್ಸು ರಸ್ತೆಯಲ್ಲಿ ಹಾರ್ನ್ ಹಾಕಿತು. ಗುರುಪಾದಸ್ವಾಮಿ ಅತ್ತ ಕತ್ತು ತಿರುಗಿಸಿದ, ಅಷ್ಟೇ. ಎಂಜಿನ್ನಿನೊಳಗೆ ಠಣ್ ಎಂದಿತು.

"ಅಯ್ಯೋ, ನಟ್ಟು ಒಳಕ್ ಬಿತ್ತು!"

ಒಂದು ಗಳಿಗೆ ಕಣ್ಣು ತಪ್ಪಿದ್ದಕ್ಕೇ ಹೀಗೆ! ಅವನು ಹಾರಿಬಂದು ಮಾವನನ್ನು ಪಕ್ಕಕ್ಕೆ ತಳ್ಳಿದ. ತೋಳು ಮಡಚಿ, ತಲೆಯನ್ನು ಬಾನೆಟ್ಟಿನೊಳಗೆ ತೂರಿಸಿ, ಸಂದುಸಂದಿಗೂ ಬೆರಳು ಹಾಕಿ ತಡಕಾಡಿದ. ಕೊನೆಗೆ ಕಾರಿನಡಿ ಅಂಗಾತ ಮಲಗಿ ಹುಡುಕಿದಾಗ, ಕೆಳಗಿನ ಪಟ್ಟಿಯ ಮೇಲೆ ನಟ್ಟು ಸಿಕ್ಕಿತು.

"ಬೇಕಂತ್ಲೇ ಬೀಳ್ಸಿದ್ರಿ."

"ಕೈ ಜಾರ್ತು, ಅಳಿಯಂದ್ರೇ" ಎಂದರು ಶಿವನಂಜಯ್ಯ. ಅಂದು ಮೊದಲ ಸಲ ಅವನನ್ನು ನೇರವಾಗಿ ನೋಡಿದರು. "ಜಾರೋದು ನಿಮ್ಗೆ ಗೊತ್ತಿಲ್ದೇ ಇರೋದಾ?"

ಅವನ ಕಿವಿ ಬಿಸಿಯಾಯಿತು. ಆಮೇಲೆ ನೀರು ಕುಡಿಯಲೂ ಅವನು ಅಲ್ಲಿಂದ ಏಳಲಿಲ್ಲ.

ಕೆಂಪು ಆಕ್ಸೈಡಿನ ಮೊದಲ ಕೈ ಒಣಗುವ ಹೊತ್ತಿಗೆ ಅತ್ತೆ ಪುಟ್ಟಬಸಮ್ಮ ಊಟದ ತಟ್ಟೆಯನ್ನು ಕಾರಿನ ಬಳಿಗೇ ತಂದರು.

"ಅವ್ಳು ಉಂಡ್ಲಾ?"

"ಆಗ್ಲೇ ಉಂಡ್ಲು."

"ಊರ್ಗೆ ಒಂಟವ್ಳಾ?"

"ಒಂಟವ್ಳೆ ಕಣಪ್ಪ." ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅವರು ಸರಸರನೆ ಒಳಗೆ ಹೋದರು.

ಇವಳಿಗೂ ಗೊತ್ತು, ಎಂದುಕೊಂಡ ಗುರುಪಾದಸ್ವಾಮಿ. ತಟ್ಟೆಯನ್ನು ಮುಟ್ಟಲಿಲ್ಲ. ಮಗಳು ಕೂರುವ ಕಾರನ್ನೇ ಕೆಡಿಸುವಷ್ಟು ಹಗೆಯೇ ಇವರಿಗೆ?

ಹಸಿರು ಎನಾಮಲ್ಲಿನ ಎರಡನೆಯ ಕೈ ಆರುವಾಗ ಬಿಸಿಲು ಇಳಿದಿತ್ತು. ಶಿವನಂಜಯ್ಯ ಹೊಸ ಪ್ಯಾಕಿಂಗ್ ಕೂರಿಸಿ ಮುಚ್ಚಳ ಇಟ್ಟರು. ನಟ್ಟುಗಳನ್ನು ಗುರುಪಾದಸ್ವಾಮಿ ಕಸಿದುಕೊಂಡು ತಾನೇ ಬಿಗಿ ಮಾಡಿದ. ಎಣ್ಣೆಯ ಮಟ್ಟ ನೋಡಿದ, ಬ್ರೇಕಿನ ಡಬ್ಬಿ ನೋಡಿದ, ನಾಲ್ಕೂ ಚಕ್ರ ಒದ್ದು ನೋಡಿದ. ಅಂಜುತ್ತಲೇ ಕಾರು ಹೊರಡಿಸಿ ಊರ ಕೆರೆಯವರೆಗೆ ಒಂದು ಸುತ್ತು ಹೋಗಿಬಂದ. ಎಂಜಿನ್ ಹೊಸದರಂತೆ ಓಡಿತು. ಬ್ರೇಕು ಹೇಳಿದಲ್ಲಿ ಹಿಡಿಯಿತು. ಒಂದು ಹನಿ ಎಣ್ಣೆ ಸೋರಲಿಲ್ಲ.

ಅವನು ನಗುತ್ತಾ ಇಳಿದ. ಮುದುಕನಿಗೆ ಧೈರ್ಯ ಸಾಲಲಿಲ್ಲ, ಎಂದು ಮನಸ್ಸಿನಲ್ಲೇ ಹೇಳಿಕೊಂಡ.

"ಕರೀರಿ ಅವ್ಳ್ನ. ಕತ್ತಲಾಗೋದ್ರೊಳ್ಗೆ ಊರು ಸೇರ್ಬೇಕು."

ಯಾರೂ ಕರೆಯಲಿಲ್ಲ. ಪುಟ್ಟಬಸಮ್ಮ ಹೊಸ್ತಿಲ ಮೇಲೆ ಕುಸಿದು ಕೂತರು. ಗುರುಪಾದಸ್ವಾಮಿ ಅವರನ್ನು ದಾಟಿ ಒಳಗೆ ನುಗ್ಗಿದ. ಕೋಣೆ, ಅಡಿಗೆಮನೆ, ಹಿತ್ತಿಲು ಎಲ್ಲ ಸುತ್ತಿ ಬಂದು ಮಾವನ ಅಂಗಿ ಹಿಡಿದ.

"ಎಲ್ಲವ್ಳೆ?"

"ನೀವು ಕಾರಿನಡೀಲಿ ನಟ್ಟು ಉಡುಕ್ತಿದ್ರಲ್ಲ, ಆವಾಗ್ಲೇ ಬಸ್ ಅತ್ತುದ್ಲು."

"ಎಲ್ಲಿಗೆ? ಯಾವೂರ್ಗೆ? ಬೊಗುಳ್ರಿ!"

ಶಿವನಂಜಯ್ಯ ಅಂಗಿ ಬಿಡಿಸಿಕೊಳ್ಳಲಿಲ್ಲ. ಅವರ ಕಣ್ಣಲ್ಲಿ ನೀರು ತುಂಬಿತ್ತು.

"ನೀವು ಒಡುದ್ರೆ ಬಾಯ್ ಬುಟ್ಬುಡ್ತೀನೇನೋ ಅಂತ, ನನ್ಗೂ ಯೋಳ್ಬೇಡ ಅಂತ ಅವ್ಳ್ಗೆ ಅಂದುಬುಟ್ಟೆ."