ಬಿಯರ್ ಪೆಟ್ಟಿಗೆಯ ಮೇಲಿನ ಅಕ್ಷರ

"ರಸೆಲ್, ನಿನ್ನ ಅಭಿಮಾನಿ ಬಂದಿದಾರೆ ಕಣೋ. ಬಿಯರ್ ಕೂಡ ಅವರೇ ತಂದಿದಾರೆ!" ಹೊರಗಿನ ಕೋಣೆಯಿಂದ ಆಫೀಸಿನ ಜೊತೆಗಾರ ಲೋನಿ ಕೂಗಿದ.

ಬಾಗಿಲಲ್ಲಿ ಮುದುಕಿಯೊಬ್ಬಳು ನಿಂತಿದ್ದಳು. ಭಾನುವಾರದ ಟೋಪಿ, ಬಿಳಿ ಕೈಚೀಲ, ಎದೆಗವಚಿದ ಖಾಲಿ ಬಿಯರ್ ಪೆಟ್ಟಿಗೆ. ಹೆಸರು ವರ್ನೆಲ್ ಟಿಬ್ಸ್ ಎಂದಳು. ಗಿಲ್ಯಾದ್ ಚರ್ಚಿನವಳು ಎಂದಳು.

ಆ ಚರ್ಚು ರಸೆಲನಿಗೆ ಗೊತ್ತಿತ್ತು. ಒಮ್ಮೆ ಮೆಂಫಿಸ್ ನಗರ ದಾಟಿದ ಮೇಲೆ ಕಾರು ನಿಲ್ಲಿಸಿ ಅದರ ಮುಂದಿನ ಹಲಗೆಯ ಫೋಟೊ ತೆಗೆದಿದ್ದ. ದಪ್ಪ ಅಕ್ಷರಗಳು. ಅಲ್ಲಲ್ಲಿ ಬಣ್ಣ ಬಿಟ್ಟಂತೆ, ಅಂಚು ಹರಿದಂತೆ. ಅವನ್ನು ಹಾಗೆಯೇ ಕಂಪ್ಯೂಟರಿಗೆ ಇಳಿಸಿ, ಹಲಗೆಯಲ್ಲಿ ಇಲ್ಲದ ಅಕ್ಷರಗಳನ್ನು ಅದೇ ಅಚ್ಚಿನಲ್ಲಿ ಸೇರಿಸಿ, ತನ್ನ ಹೆಸರಿನ ಫಾಂಟ್ ಮಾಡಿದ. ಈಗ ಅದು ಬಿಯರ್ ಪೆಟ್ಟಿಗೆಯ ಮೇಲೆ, ಸಾಸ್ ಸೀಸೆಯ ಮೇಲೆ, ಟೀಶರ್ಟಿನ ಮೇಲೆ. ಆ ಫಾಂಟಿಗೆ ಬಹುಮಾನ ಕೊಟ್ಟವರ ಮುಂದೆ, ಎಲ್ಲವೂ ನನ್ನ ಕಲ್ಪನೆ ಎಂದಿದ್ದ. ಮನಸ್ಸು ಚುಚ್ಚಿದಾಗ ಒಂದೇ ಸಮಾಧಾನ: ಆ ಅಂದ ಯಾರ ಸೊತ್ತೂ ಅಲ್ಲ, ಬಿಸಿಲು ಮಳೆ ಮಾಡಿದ್ದು.

"ಕೂತ್ಕೊಳ್ಳಿ ಅಮ್ಮಾ."

"ಇದನ್ನ ಹಿಡ್ಕೊಂಡು ಬಸ್ಸಲ್ಲಿ ಬರೋಕೆ ನಾಚಿಕೆ ಆಯ್ತು ಮಗಾ. ಡ್ರೈವರು ಕಣ್ಣು ಹೊಡೆದ," ಎಂದು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಳು. "ನಮ್ಮ ಚರ್ಚಿನ ಹಲಗೆ ಬರೆದದ್ದು ನನ್ನ ಯಜಮಾನ್ರು, ಆಮೋಸ್. ಹೋದ ಚಳಿಗಾಲದಲ್ಲಿ ದೇವರ ಪಾದ ಸೇರಿದ್ರು."

"ಮಳೆಗೆ ಸವೆದ ಹಲಗೆ ಎಲ್ಲಾ ಒಂದೇ ಥರ ಕಾಣುತ್ತೆ ಅಮ್ಮಾ."

"ಸವೆದದ್ದಲ್ಲ. ಕುಂಚ ಒಣಗಿಸಿ ಹಾಗೇ ಬರೆದದ್ದು. ಬರೆದ ದಿನವೇ ಜನ ನಕ್ಕರು, 'ಆಮೋಸ್, ಬಣ್ಣಕ್ಕೆ ಬರಗಾಲವೇನಯ್ಯಾ' ಅಂತ. ಇವರು, 'ಕಷ್ಟ ಪಟ್ಟವರ ಮಾತು ಹೀಗೇ ಇರಬೇಕು' ಅಂದ್ರು." ಅವಳ ಬೆರಳು ಪೆಟ್ಟಿಗೆಯ ಮೇಲಿನ ಅಕ್ಷರವೊಂದರ ಬಿರುಕಿನುದ್ದಕ್ಕೂ ಹರಿಯಿತು. "ಇದು ನಿಮ್ಮ ಕೈಯದೇನಾ?"

ರಸೆಲ್ ಅವಳ ಮುಖ ನೋಡಲಾರದೆ ಕಿಟಕಿಯತ್ತ ತಿರುಗಿದ. ನಿಜ ಹೇಳಿದರೆ ಹೆಸರು, ಕೆಲಸ ಎಲ್ಲವೂ ಹೋಗುತ್ತಿತ್ತು.

"ನನ್ನದೇ."

"ದೇವರ ಮುಂದೆ ಹೇಳ್ತೀರಾ?"

"ಹೇಳ್ತೀನಿ."

"ಯಾವಾಗ ಬರೆದಿರಿ?"

ಹಲಗೆ ಎಷ್ಟು ಹಳೆಯದೋ ಅವನಿಗೆ ತಿಳಿಯದು. ಆದಷ್ಟು ಹಿಂದಕ್ಕೆ ಹೋದ. "ಕಾಲೇಜಿನಲ್ಲಿದ್ದಾಗಲೇ. ಹಾಡಿನ ಕಛೇರಿಗಳ ಪೋಸ್ಟರು ಬರೆದು ಮೆಂಫಿಸ್‌ನ ಕಂಬಕಂಬಕ್ಕೂ ಅಂಟಿಸಿದ್ದೆ. ಊರೆಲ್ಲ ನೋಡಿದೆ."

ಅವಳ ತುಟಿ ಅಲುಗುತ್ತಿತ್ತು, ಪ್ರಾರ್ಥನೆಯಂತೆ. ಗೆದ್ದೆನೆಂದು ರಸೆಲ್ ಉಸಿರು ಬಿಟ್ಟ. ಗೆದ್ದದ್ದಕ್ಕೇ ಅವನ ಮುಖ ಉರಿಯಿತು.

ಅವಳು ಟೋಪಿ ತೆಗೆದು, ನರೆತ ತಲೆ ಬಾಗಿಸಿದಳು.

"ನಮ್ಮ ಹಲಗೆ ಆಮೇಲಿನದು. ಹಾಗಾದ್ರೆ ಈ ಪೆಟ್ಟಿಗೆ ನೋಡಿ ಚರ್ಚಿನ ಸಭೆಯವರು ಹೇಳಿದ್ದೇ ನಿಜ. ನಮ್ಮ ಆಮೋಸೇ ನಿಮ್ಮ ಅಕ್ಷರ ಕದ್ದದ್ದು. ಅವರ ಪರವಾಗಿ ಕ್ಷಮೆ ಕೇಳೋಕೆ ಬಂದೆ, ಮಗಾ."