ಮುಚ್ಚಳ

"ಸದ್ದೇ ಇಲ್ಲವಲ್ಲ ಮೇಸ್ತ್ರಿ! ಕಾರು ಓಡುತ್ತಾ, ಇಲ್ಲಾ ಗೊರಕೆನೂ ಹೊಡೀದೆ ನಿದ್ದೆ ಮಾಡುತ್ತಾ?" ಎಂದು ಕಾರಿನ ಒಡೆಯ ಸ್ಟೀರಿಂಗ್ ಹಿಂದೆ ಕೂತುಕೊಂಡೇ ಮುಖ ಸಿಂಡರಿಸಿದ. ಓಟ ಶುರುವಾಗಲು ಇನ್ನು ಒಂದೇ ಗಂಟೆ ಇತ್ತು.

ಮೇಸ್ತ್ರಿ ಬಗ್ಗಿ ಬಾನೆಟ್ಟಿನೊಳಗೆ ತಾನು ಕೂರಿಸಿದ್ದ ಪೆಟ್ಟಿಗೆಯನ್ನು ನೋಡಿದ. ಎಂಟು ದಿನ ಊಟ ನಿದ್ದೆ ಮರೆತು ತಟ್ಟಿದ್ದು ಅದು. ತೆಳು ಅಲ್ಯೂಮಿನಿಯಂ ತಗಡು, ಮರದ ಸುತ್ತಿಗೆಯ ಹದವಾದ ಏಟು, ಅಂಚಿಗೆ ರಬ್ಬರ್ ಪಟ್ಟಿ. ಹೊಟ್ಟೆಯಲ್ಲಿ ಏರ್ ಫಿಲ್ಟರ್, ಬಾಯಿಗೆ ಕಾರಿನ ಮುಂಬದಿಯಿಂದ ನೇರವಾಗಿ ಬರುವ ಕೊಳವೆ. ಕೊಳವೆಗೆ ಅಂಗೈ ಒಡ್ಡಿದರೆ ಚರ್ಮವೇ ಒಳಕ್ಕೆ ಜಗ್ಗಬೇಕು, ಅಲ್ಲಿಯವರೆಗೆ ಅದರ ಒಳಮೈಯನ್ನು ಉಜ್ಜಿ ಉಜ್ಜಿ ನುಣುಪು ಮಾಡಿದ್ದ. ಇಷ್ಟೆಲ್ಲ ಯಾಕೆಂದರೆ, ಎಂಜಿನ್ ತನ್ನ ಮೈಯ ಬಿಸಿಯನ್ನೇ ತಾನು ಉಸಿರಾಡಬಾರದು. ಹೊರಗಿನ ತಣ್ಣನೆಯ ಗಾಳಿ ಕುಡಿಯಬೇಕು. ಬಿಸಿಗಾಳಿ ಕುಡಿದ ಎಂಜಿನ್ ನೀರು ಬೆರೆಸಿದ ಹಾಲು ಕುಡಿದ ಕರುವಿನ ಹಾಗೆ. ಹೊಟ್ಟೆ ತುಂಬಿರುತ್ತದೆ, ಕಾಲಲ್ಲಿ ಬಲವಿರುವುದಿಲ್ಲ.

"ದೇವರು ನಮಗೆ ಕೊಟ್ಟಿರೋ ಉಸಿರೂ ಸದ್ದು ಮಾಡಲ್ಲ ಸಾರ್. ಸದ್ದು ಮಾಡಿದ ದಿನ ಡಾಕ್ಟರ ಹತ್ರ ಓಡ್ತೀವಿ."

"ವೇದಾಂತ ಸಾಕು ಮಾರಾಯ. ಪಕ್ಕದವನ ಕಾರು ಹೊರಟರೆ ಎದೆ ನಡುಗುತ್ತೆ. ನನ್ನದು ಹೊಲಿಗೆ ಮಷೀನ್ ಥರ ಇದೆ."

"ಒಂದು ನಿಮಿಷ ಸಾರ್," ಎಂದು ಮೇಸ್ತ್ರಿಯ ತಮ್ಮ ಮುಂದೆ ಬಂದ. ನಾಲ್ಕು ತಿರುಪು ಬಿಚ್ಚಿ ಪೆಟ್ಟಿಗೆಯ ಮುಚ್ಚಳವನ್ನು ಎತ್ತಿ ಅಣ್ಣನ ಕೈಗೇ ಕೊಟ್ಟ. "ಈಗ ಒತ್ತಿ."

ಕಾರು ಗುಡುಗಿತು. ಒಡೆಯನ ಮುಖ ಅರಳಿತು. "ಉಸಿರಾಟ ಅಂದ್ರೆ ಇದಪ್ಪ!"

"ಮುಚ್ಚೋ ಅದನ್ನ," ಎಂದ ಮೇಸ್ತ್ರಿ. "ಎಂಜಿನ್ ಇನ್ನೂ ಕಾದಿಲ್ಲ, ಅದಕ್ಕೆ ಗೊತ್ತಾಗ್ತಿಲ್ಲ. ನಾಲ್ಕು ಸುತ್ತು ಹೊಡೀಲಿ, ಆಮೇಲೆ ಏದುಸಿರು ಬಿಡುತ್ತೆ. ನಿನಗೆ ನಾನು ಕಲಿಸಿಲ್ವಾ?"

"ಅಣ್ಣಾ, ಮೂವತ್ತು ವರ್ಷ ತಗಡು ಬಡಿದು ನಿನ್ನ ಕಿವಿ ಕೂತುಹೋಗಿದೆ. ಸದ್ದಿನ ರುಚಿ ನಿನಗೆಲ್ಲಿ ಗೊತ್ತಾಗಬೇಕು?"

ಒಡೆಯ ಗಹಗಹಿಸಿ ನಕ್ಕ. ಮೇಸ್ತ್ರಿ ಕೈಯಲ್ಲಿದ್ದ ಮುಚ್ಚಳವನ್ನು ತಿರುಗಿಸಿ ನೋಡಿದ. ಅಪ್ಪ ತೀರಿಕೊಂಡಾಗ ಏಳು ವರ್ಷದವನಾಗಿದ್ದ ತಮ್ಮನನ್ನು ಬೆನ್ನಿಗೆ ಕಟ್ಟಿಕೊಂಡು ಸಾಕಿದವನು, ಕೈ ಹಿಡಿದು ಸ್ಪ್ಯಾನರ್ ತಿರುಗಿಸಲು ಕಲಿಸಿದವನು ಅವನೇ. ಇನ್ನೆರಡು ಹೊಸ ಕಾರು ಬರಲಿದ್ದವು. ಈ ಓಟ ನೋಡಿ ಶೆಡ್ಡಿನ ಯಜಮಾನಿಕೆಯನ್ನು ಇಬ್ಬರಲ್ಲೊಬ್ಬನಿಗೆ ಒಪ್ಪಿಸುವುದಾಗಿ ಒಡೆಯ ಹೇಳಿದ್ದ. ತಮ್ಮನ ಕಣ್ಣು ಎಲ್ಲಿದೆಯೆಂದು ಅಣ್ಣನಿಗೆ ಗೊತ್ತಿತ್ತು.

"ಆಗಲಿ. ಶಾಖದ ಮೀಟರ್ ಮಾತ್ರ ಇರಲಿ," ಎಂದಷ್ಟೇ ಹೇಳಿದ.

ಮೀಟರಿನ ತಂತಿ ಪೆಟ್ಟಿಗೆಯೊಳಗೆ ಫಿಲ್ಟರಿನ ಪಕ್ಕದಲ್ಲಿ, ಅದರ ಗಾಜು ಡ್ಯಾಶ್‌ಬೋರ್ಡಿನ ಕೆಳಗೆ ಎಡಮೂಲೆಯಲ್ಲಿ ಇತ್ತು. ಒಳಹೋದ ಗಾಳಿ ಅತಿ ಹೆಚ್ಚೆಂದರೆ ಎಷ್ಟು ಕಾದಿತ್ತೋ ಆ ಅಂಕಿಯನ್ನು ಅದು ಹಾಗೇ ಹಿಡಿದುಕೊಂಡಿರುತ್ತದೆ, ಕೆಳಗಿನ ಗುಂಡಿ ಒತ್ತುವ ತನಕ. ಒತ್ತಿದರೆ ಹಳೆಯದು ಅಳಿಸಿ ಆ ಹೊತ್ತಿನ ಶಾಖವನ್ನು ತೋರಿಸುತ್ತದೆ. "ಪ್ರತಿ ಓಟಕ್ಕೂ ಮುಂಚೆ ಒತ್ತಿ ಅಳಿಸಬೇಕು. ಎರಡು ಎಣಿಸೋವಷ್ಟು ಹೊತ್ತು ಹಿಡ್ಕೋ. ಇಲ್ಲದಿದ್ರೆ ನಿನ್ನೆಯ ಬಿಸಿ ಇವತ್ತಿನ ತಲೆ ಮೇಲೆ ಕೂರುತ್ತೆ," ಎಂದು ತಮ್ಮನಿಗೆ ಅಣ್ಣ ಹೇಳಿಕೊಟ್ಟು ಎಷ್ಟೋ ವರ್ಷವಾಗಿತ್ತು.

ಮೇಸ್ತ್ರಿ ತಾನೇ ಗುಂಡಿ ಒತ್ತಿ ಅಳಿಸಿ ಕಾರನ್ನು ಓಟಕ್ಕೆ ಬಿಟ್ಟ. ಮೊದಲ ಮೂರು ಸುತ್ತು ಕಾರು ಗುಡುಗುತ್ತ ಎಲ್ಲರಿಗಿಂತ ಮುಂದಿತ್ತು. ಜನ ಎದ್ದು ನಿಂತು ಕೂಗಿದರು. ಐದನೆಯ ಸುತ್ತಿನ ನೇರ ದಾರಿಯಲ್ಲಿ ಒಂದು ಕಾರು ಅದನ್ನು ದಾಟಿತು, ಅದರ ಬೆನ್ನಿಗೇ ಮತ್ತೆರಡು. ಸದ್ದು ಮಾತ್ರ ಕಡಿಮೆಯಾಗಲಿಲ್ಲ. ಮೇಸ್ತ್ರಿ ಮುಚ್ಚಳವನ್ನು ಎದೆಗೊತ್ತಿಕೊಂಡು ಕಣ್ಣು ಮುಚ್ಚಿದ. ಗೆಲುವು ಬೇಡಲು ಅವನಿಗೆ ನಾಚಿಕೆಯಾಯಿತು. ಎಂಜಿನ್ ಸುಟ್ಟುಹೋಗದಿರಲಿ ಎಂದಷ್ಟೇ ಬೇಡಿಕೊಂಡ.

ಕಾರು ಏಳನೆಯದಾಗಿ ಬಂತು. ಓಟ ನಡೆಸುವವರ ತಪಾಸಣೆ ಮುಗಿದು, ಬಾನೆಟ್ ತೆರೆದಿಟ್ಟು ಅದು ಪೂರ್ತಿ ಆರುವಷ್ಟರಲ್ಲಿ ಎರಡು ಗಂಟೆ ಕಳೆದಿತ್ತು. ಒಡೆಯನ ಸಿಟ್ಟು ಮಾತ್ರ ಆರಿರಲಿಲ್ಲ.

"ಗಾಳಿ ಬೇಕಾದಷ್ಟು ಬಿಟ್ಟಿದ್ದೀವಿ. ಎಂಜಿನ್ನಿಗೇ ದಮ್ಮಿಲ್ಲ. ಕಟ್ಟಿದ್ದು ಯಾರು?"

"ನಾನೇ ಸಾರ್," ಎಂದ ಮೇಸ್ತ್ರಿ. "ಆದರೆ ಆ ಮೀಟರ್ ನೋಡಿ. ಅದಕ್ಕೆ ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ಬಿಸಿಗಾಳಿ ಕುಡಿದಿದ್ರೆ ಅದೇ ಹೇಳುತ್ತೆ. ಕುಡಿದಿಲ್ಲ ಅಂದ್ರೆ ತಪ್ಪು ನನ್ನದು. ನಾಳೆಯಿಂದ ನಿಮ್ಮ ಶೆಡ್ಡಿಗೆ ಕಾಲಿಡಲ್ಲ."

ಒಡೆಯ ತಮ್ಮನ ಕಡೆ ಗಲ್ಲ ಎತ್ತಿದ. "ನೋಡಯ್ಯ, ಎಷ್ಟಿದೆ?"

ತಮ್ಮ ಎಡಗಡೆಯ ಬಾಗಿಲು ತೆಗೆದು ಒಳಗೆ ಬಗ್ಗಿದ. ಅಣ್ಣ ಬಲಗಡೆಯ ಕಿಟಕಿಯಲ್ಲಿ ತಲೆ ಹಾಕಿದ. ಗಾಜಿನ ಮೇಲೆ ಎಪ್ಪತ್ತೆಂಟು ಎಂದಿತ್ತು. ಇಬ್ಬರೂ ಅದನ್ನು ನೋಡಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದರು. ತಮ್ಮ ಹೆಬ್ಬೆರಳನ್ನು ಮುಂದೆ ಚಾಚಿದ. ಚಿಕ್ಕವನಿದ್ದಾಗ ಸುತ್ತಿಗೆ ಬಿದ್ದು ಉಗುರು ಜಜ್ಜಿಹೋಗಿದ್ದ ಹೆಬ್ಬೆರಳು ಅದು. ಅದನ್ನು ತನ್ನ ಬಾಯಲ್ಲಿಟ್ಟುಕೊಂಡು ರಕ್ತ ನಿಲ್ಲಿಸಿದ್ದು ಅಣ್ಣ. ಆ ಹೆಬ್ಬೆರಳು ಮೆಲ್ಲನೆ ಗುಂಡಿಯ ಮೇಲೆ ಬಂದು ಕೂತಿತು. ಎರಡು ಎಣಿಸುವಷ್ಟು ಹೊತ್ತು, ಕಲಿಸಿದ ಹಾಗೆಯೇ.

"ಮೂವತ್ತಾರು ಸಾರ್," ಎಂದ ತಮ್ಮ, ಪಕ್ಕಕ್ಕೆ ಸರಿದು ಜಾಗ ಬಿಡುತ್ತ. "ನೀವೇ ನೋಡಿ, ತಣ್ಣಗೇ ಇದೆ."